ಮ್ಯಾಂಚೆಸ್ಟರಿನ ಹಾಡುಮನೆಗಳು

ಮ್ಯಾಂಚೆಸ್ಟರಿಗೆ ಹೋಗಿಬಂದವನನ್ನು ನಮ್ಮೂರಿನ ಜನ ಕೇಳುವ ಪ್ರಶ್ನೆಗಳು ಎರಡು. ತರುಣರು ಕಾಲ್ಚೆಂಡಿನ ಪಂದ್ಯ ನೋಡಿದಿರಾ ಎನ್ನುತ್ತಾರೆ. ಹಿರಿಯರು ಗಿರಣಿಗಳನ್ನು ನೋಡಿದಿರಾ ಎನ್ನುತ್ತಾರೆ. ಎರಡನೆಯ ಪ್ರಶ್ನೆಗೆ ಕಾರಣವುಂಟು. ನಮ್ಮೂರು ದಾವಣಗೆರೆ. ಹತ್ತಿಯ ಗಿರಣಿಗಳ ಚಿಮಣಿಗಳಿಂದ ಹೊಗೆ ಏಳುತ್ತಿದ್ದ ಕಾಲದಲ್ಲಿ ಇದಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಅಂಟಿಕೊಂಡಿತು. ಗಿರಣಿಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಬಿರುದು ಮಾತ್ರ ಮಕ್ಕಳ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಊರಿನ ಕೀರ್ತಿಯ ಭಾರವನ್ನೆಲ್ಲ ಈಗ ಬೆಣ್ಣೆದೋಸೆಯೊಂದೇ ಹೊತ್ತಿದೆ ಎಂದರೆ ಅತಿಶಯೋಕ್ತಿಯಲ್ಲ.

2025ರ ಜುಲೈ ತಿಂಗಳಿನಲ್ಲಿ ನಾನು ನಿಜವಾದ ಮ್ಯಾಂಚೆಸ್ಟರಿನಲ್ಲಿ ಮೂರು ವಾರ ಇದ್ದೆ. ಅಲ್ಲಿ ನಮ್ಮ ಅಕ್ಕ ಭಾವಂದಿರ ಸಂಸಾರವಿದೆ. ಕಾಲ್ಚೆಂಡಿನ ಪಂದ್ಯವನ್ನು ನೋಡಲಿಲ್ಲ. ಗಿರಣಿಗಳನ್ನು ನೋಡಿದೆ, ಆದರೆ ಅವು ಗಿರಣಿಗಳಾಗಿ ಉಳಿದಿರಲಿಲ್ಲ. ನಾನು ಅರಸಿಹೋದದ್ದು ಬೇರೆಯದನ್ನೇ. 1980 ಮತ್ತು 1990ರ ದಶಕಗಳಲ್ಲಿ ಆ ಊರಿನಲ್ಲಿ ಹುಟ್ಟಿ, ಲೋಕವನ್ನೆಲ್ಲ ಸುತ್ತಿಬಂದ ಹಾಡುಗಳ ಹುಟ್ಟುಮನೆಗಳನ್ನು ಕಣ್ಣಾರೆ ಕಾಣಬೇಕೆಂಬುದು ನನ್ನ ಬಹುದಿನಗಳ ಬಯಕೆಯಾಗಿತ್ತು.

ಕನ್ನಡ ಪಾಠ ಹೇಳುವವನಿಗೆ ಇಂಗ್ಲಿಷರ ರಾಕ್ ಸಂಗೀತದ ಗೊಡವೆ ಏತಕ್ಕೆ ಎಂದು ವಾಚಕರು ಹುಬ್ಬೇರಿಸಬಹುದು. ಅದಕ್ಕೆ ನಮ್ಮ ಭಾವನವರೇ ಹೊಣೆ. 1990ರ ದಶಕದಲ್ಲಿ ಅವರು ದಾವಣಗೆರೆಯಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದಾಗ ಬೆಂಗಳೂರಿನಿಂದ ಕ್ಯಾಸೆಟ್ಟುಗಳನ್ನು ತರುತ್ತಿದ್ದರು. ತರಲಾಗದವನ್ನು ಗೆಳೆಯರಿಂದ ಎರವಲು ಪಡೆದು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಮೇಲೆ ಬಾಲ್‌ಪೆನ್ನಿನಿಂದ ಹೆಸರು ಬರೆಯುತ್ತಿದ್ದರು. 2003ರಲ್ಲಿ ಅಕ್ಕನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟಾಗ ಆ ಪೆಟ್ಟಿಗೆ ನಮ್ಮ ಮನೆಯ ಅಟ್ಟ ಸೇರಿತು. ಪ್ರೌಢಶಾಲೆಯ ಹುಡುಗನಾಗಿದ್ದ ನನಗೆ ಅದು ನಿಧಿಯಂತೆ ಸಿಕ್ಕಿತು. ಪದಗಳು ಅರ್ಥವಾಗುತ್ತಿರಲಿಲ್ಲ. ಆದರೂ ಯಾವನೋ ಒಬ್ಬ ಹುಡುಗ ಮಳೆಯಲ್ಲಿ ನೆನೆಯುತ್ತ, ಕೆಲಸವಿಲ್ಲದೆ, ಮನೆಗೆ ಹೋಗಲು ಮನಸ್ಸಿಲ್ಲದೆ ಬೀದಿಯಲ್ಲಿ ನಿಂತಿದ್ದಾನೆ ಎಂಬಷ್ಟು ಮಾತ್ರ ಹೇಗೋ ತಿಳಿಯುತ್ತಿತ್ತು. ಮುಂದೆ ಎಂ.ಎ. ತರಗತಿಯಲ್ಲಿ ಜನಪದ ಗೀತೆಗಳ ಸಂಗ್ರಹಕ್ಕೆಂದು ಹಳ್ಳಿಗಳಿಗೆ ಹೋದಾಗ, ಹಾಡುಗಾತಿಯ ಬೀಸುವ ಕಲ್ಲನ್ನು ನೋಡದೆ ಹಾಡು ಪೂರ್ತಿ ತಿಳಿಯದು ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಹಾಗಾದರೆ ಈ ಹಾಡುಗಳ ಬೀಸುವ ಕಲ್ಲು ಎಲ್ಲಿದೆ?

ಅದು ಹತ್ತಿಯಲ್ಲಿದೆ. ಮ್ಯಾಂಚೆಸ್ಟರು ಹತ್ತಿಯಿಂದ ಬೆಳೆದ ನಗರ. ಆ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪುಟವುಂಟು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ ಲ್ಯಾಂಕಾಷೈರಿನ ಗಿರಣಿಗಳು ಉಪವಾಸ ಬಿದ್ದವು. ಆಗ ಮಾಲೀಕರ ಕಣ್ಣು ಧಾರವಾಡ ಸೀಮೆಯ ಎರೆನೆಲದ ಹತ್ತಿಯ ಕಡೆ ಹೊರಳಿತು. ಅದನ್ನು ಕಡಲಿಗೆ ಇಳಿಸಲು ಘಟ್ಟದ ರಸ್ತೆ ಬೇಕು, ಕಾರವಾರದ ಬಂದರು ಬೇಕು ಎಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯ ಹೂಡಿದರು. ಇಂಥ ನಗರ ಎರಡನೆಯ ಮಹಾಯುದ್ಧವಾದ ಮೇಲೆ ಮೆಲ್ಲಮೆಲ್ಲನೆ ಬರಿದಾಯಿತು. ಗಿರಣಿಗಳು ನಿಂತವು, ಕಾಲುವೆಗಳಲ್ಲಿ ದೋಣಿಗಳು ನಿಂತವು, ಕೆಂಪು ಇಟ್ಟಿಗೆಯ ಬೃಹದಾಕಾರದ ಗೋದಾಮುಗಳು ಗಾಜು ಒಡೆದುಕೊಂಡು ನಿಂತವು. 1982ರ ಹೊತ್ತಿಗೆ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ದಾಟಿತು. ಖಾಲಿ ಗೋದಾಮು, ಪುಡಿಗಾಸಿನ ಬಾಡಿಗೆ, ಮಾಡಲು ಕೆಲಸವಿಲ್ಲದ ತರುಣರು, ಹೊಟ್ಟೆಗೆ ಸಾಲುವಷ್ಟು ಸರ್ಕಾರದ ವಾರದ ಭತ್ಯೆ. ನಾನು ಪ್ರೀತಿಸಿದ ಹಾಡುಗಳೆಲ್ಲ ಹುಟ್ಟಿದ್ದು ಇವುಗಳ ನಡುವೆ.

ಭಾವನವರು ಎರಡು ದಿನ ರಜೆ ಹಾಕಿ ನನ್ನ ಜೊತೆ ಹೊರಟರು. ಮಳೆಯ ಊರೆಂದು ಹೆಸರಾದ ಮ್ಯಾಂಚೆಸ್ಟರಿನಲ್ಲಿ ಆ ತಿಂಗಳು ಬಿಸಿಲು ಚಿತ್ರದುರ್ಗದ ಬಿಸಿಲಿಗೆ ಸವಾಲು ಹಾಕುವಂತಿತ್ತು. ಆದರೂ ಅವರು ಕೊಡೆಯನ್ನು ಕೈಬಿಡಲಿಲ್ಲ. “ಈ ಊರನ್ನು ನಂಬಬಾರದಯ್ಯಾ ಮೇಷ್ಟ್ರೇ,” ಎಂದರು. ಇಪ್ಪತ್ತೆರಡು ವರ್ಷಗಳ ಅನುಭವದ ಮಾತು, ನಾನು ಎದುರಾಡಲಿಲ್ಲ.

ಮೊದಲು ನೋಡಿದ್ದು ಪೀಟರ್ ಬೀದಿಯ ಫ್ರೀ ಟ್ರೇಡ್ ಹಾಲ್. ಅದು ಎಂಥ ನೆಲವೆಂಬುದನ್ನು ಹೇಳಲೇಬೇಕು. 1819ರ ಆಗಸ್ಟ್ 16ರಂದು ಮತದಾನದ ಹಕ್ಕನ್ನು ಕೇಳಲು ಅಲ್ಲಿಯ ಬಯಲಿನಲ್ಲಿ ಸುಮಾರು 60,000 ಜನ ಸೇರಿದ್ದರು. ಕುದುರೆ ದಂಡು ಕತ್ತಿ ಹಿರಿದು ಅವರ ನಡುವೆ ನುಗ್ಗಿ ಹಲವರನ್ನು ಕೊಂದಿತು. ಆ ಬಯಲಿನ ಮೇಲೆಯೇ, ಧಾನ್ಯದ ಆಮದು ಸುಂಕದ ಕಾನೂನು ರದ್ದಾದ ನೆನಪಿಗೆ, ಈ ಸಭಾಭವನ 1856ರಲ್ಲಿ ಎದ್ದು ನಿಂತಿತು. 1905ರಲ್ಲಿ ಹೆಂಗಸರಿಗೆ ಮತಾಧಿಕಾರ ಕೊಡುವಿರಾ ಎಂದು ಸಭೆಯಲ್ಲಿ ಎದ್ದು ಕೇಳಿದ ಕ್ರಿಸ್ಟಾಬೆಲ್ ಪ್ಯಾಂಕ್‌ಹರ್ಸ್ಟ್ ಮತ್ತು ಆ್ಯನಿ ಕೆನಿ ಎಂಬ ಇಬ್ಬರು ತರುಣಿಯರನ್ನು ಇಲ್ಲಿಂದಲೇ ಹೊರಕ್ಕೆ ತಳ್ಳಿದರು. ಇಂಥ ಕಟ್ಟಡದ ಮೇಲಂತಸ್ತಿನ ಸಣ್ಣ ಸಭಾಂಗಣದಲ್ಲಿ 1976ರ ಜೂನ್ 4ರಂದು ಲಂಡನ್ನಿನಿಂದ ಸೆಕ್ಸ್ ಪಿಸ್ಟಲ್ಸ್ ಎಂಬ ತಂಡ ಬಂದು ಹಾಡಿತು. ಹೆಸರು ಸಭ್ಯವಲ್ಲ; ಸಭ್ಯವೆನಿಸಿಕೊಳ್ಳುವ ಉದ್ದೇಶವೂ ಅವರಿಗಿರಲಿಲ್ಲ. ಪ್ರವೇಶಧನ 50 ಪೆನ್ನಿ. ಬಂದ ಪ್ರೇಕ್ಷಕರು ಸುಮಾರು 40. ವಾದ್ಯ ನುಡಿಸಲು ಅವರಿಗೆ ಚೆನ್ನಾಗಿ ಬರುತ್ತಿರಲಿಲ್ಲವೆಂಬುದೇ ಆ ಸಂಜೆಯ ಮಹಿಮೆ. ಇವರು ಮಾಡುವುದಾದರೆ ನಾವೂ ಮಾಡಬಹುದಲ್ಲ ಎಂದುಕೊಂಡು ಪೀಟರ್ ಹುಕ್ ಎಂಬ ಸಾಲ್ಫರ್ಡಿನ ಹುಡುಗ ಮರುದಿನವೇ ಒಂದು ಬಾಸ್ ಗಿಟಾರು ಕೊಂಡ. ಅವನೂ ಅವನ ಗೆಳೆಯ ಬರ್ನಾರ್ಡ್ ಸಮ್ನರನೂ ಮುಂದೆ ಜಾಯ್ ಡಿವಿಷನ್ ತಂಡವನ್ನು ಕಟ್ಟಿದರು.

ನಮ್ಮ ಕಡೆ ಗಾಂಧೀಜಿಯವರು ಊರಿಗೆ ಬಂದಾಗ ಹಾರ ಹಾಕಿದೆವೆನ್ನುತ್ತಿದ್ದ ಹಿರಿಯರ ಲೆಕ್ಕ ಹಿಡಿದರೆ ಮಹಾತ್ಮರು ಹೂವಿನಡಿ ಹೂತುಹೋಗಬೇಕಿತ್ತು. ಮ್ಯಾಂಚೆಸ್ಟರಿನಲ್ಲಿಯೂ ಹಾಗೆಯೇ. ಆ ಸಂಜೆ ತಾನಿದ್ದೆನೆಂದು ಹೇಳುವವರಿಗೆಲ್ಲ ಕುರ್ಚಿ ಹಾಕುವುದಾದರೆ ಕಾಲ್ಚೆಂಡಿನ ಕ್ರೀಡಾಂಗಣವೂ ಸಾಲದು ಎಂಬುದು ಅಲ್ಲಿಯ ಹಳೆಯ ವಿನೋದ. ಈಗ ಕಟ್ಟಡದ ಮುಂಭಾಗದ ಕಮಾನುಗಳು ಮಾತ್ರ ಹಳೆಯವು. ಒಳಗಿನದೆಲ್ಲ 2004ರಲ್ಲಿ ತೆರೆದ ಐಷಾರಾಮಿ ಹೋಟೆಲು. ಬಾಗಿಲಲ್ಲಿ ನಿಂತ ದ್ವಾರಪಾಲಕ ನಮ್ಮನ್ನು ಅತಿಥಿಗಳೆಂದು ಭಾವಿಸಿ ಬಾಗಿಲು ತೆರೆದ. ಭಾವನವರು ಕೊಡೆಯನ್ನೆತ್ತಿ ವಂದಿಸಿ ಮುಂದೆ ನಡೆದರು.

ಊರ ದಕ್ಷಿಣಕ್ಕೆ ಹ್ಯೂಮ್ ಎಂಬ ಬಡಾವಣೆ. ಅಲ್ಲಿ ಅಗಲವಾದ ರಸ್ತೆಯ ಮೇಲೆ ಹಾಯುವ ಒಂದು ಸಾಮಾನ್ಯ ಕಾಲುಸೇತುವೆಯನ್ನು ನೋಡಲು ನಾವು ಹೋದದ್ದು ದಾರಿಹೋಕರಿಗೆ ವಿಚಿತ್ರವಾಗಿ ಕಂಡಿರಬೇಕು. 1979ರ ಜನವರಿಯಲ್ಲಿ ಹಿಮ ಬಿದ್ದಿದ್ದ ಒಂದು ದಿನ ಕೆವಿನ್ ಕಮಿನ್ಸ್ ಎಂಬ ಛಾಯಾಗ್ರಾಹಕ ಜಾಯ್ ಡಿವಿಷನ್ನಿನ ನಾಲ್ವರನ್ನು ಈ ಸೇತುವೆಯ ಮೇಲೆ ನಿಲ್ಲಿಸಿ ಚಿತ್ರ ತೆಗೆದ. ಬಿಳಿಯ ಹಿಮ, ಬೂದು ಆಕಾಶ, ನಡುವೆ ನಾಲ್ಕು ಕಪ್ಪು ಚುಕ್ಕೆಗಳಂತೆ ಹುಡುಗರು. ಅವರಲ್ಲಿ ಹಾಡುಗಾರ ಇಯಾನ್ ಕರ್ಟಿಸ್. ಮ್ಯಾಕಲ್ಸ್‌ಫೀಲ್ಡ್ ಎಂಬ ಪಕ್ಕದ ಊರಿನವನು. ಅಂಗವಿಕಲರಿಗೆ ಉದ್ಯೋಗ ಹುಡುಕಿಕೊಡುವ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ. ಅವನಿಗೇ ಮೂರ್ಛೆರೋಗ ಗಂಟುಬಿದ್ದಿತು. 1980ರ ಮೇ 18ರಂದು, ತಂಡ ಅಮೆರಿಕಕ್ಕೆ ಹೊರಡಬೇಕಿದ್ದ ಹೊತ್ತಿನಲ್ಲಿ, 23ನೆಯ ವಯಸ್ಸಿಗೆ ಅವನು ತಾನಾಗಿ ಜೀವ ಕಳೆದುಕೊಂಡ. ಭಾವನವರು ಸೇತುವೆಯ ಕಂಬಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದು, “ಈಗಿನ ಔಷಧಿಗಳಿದ್ದಿದ್ದರೆ,” ಎಂದಷ್ಟೇ ಹೇಳಿದರು.

ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೊಸ ಹೆಸರಿಟ್ಟುಕೊಂಡು ಶೋಕದಿಂದ ನೃತ್ಯಕ್ಕೆ ದಾರಿ ಮಾಡಿದರು. 1983ರಲ್ಲಿ ಅವರು ಹೊರತಂದ ‘ಬ್ಲೂ ಮಂಡೇ’ಯಲ್ಲಿ ತಾಳ ಹಾಕುವುದು ಮನುಷ್ಯನಲ್ಲ, ಯಂತ್ರ. ಏಳು ನಿಮಿಷಕ್ಕೂ ಹೆಚ್ಚು ಕಾಲ ಅದು ನಿರ್ದಾಕ್ಷಿಣ್ಯವಾಗಿ ಬಡಿಯುತ್ತದೆ. ಮುಚ್ಚಿಹೋದ ಗಿರಣಿಯ ಮಗ್ಗವೇ ಹಾಡಾಗಿ ಮರಳಿತೆಂದು ನನಗೆ ಯಾವಾಗಲೂ ಅನ್ನಿಸಿದೆ. “ಇದು ಕನ್ನಡ ಮೇಷ್ಟರ ಉಪಮಾಲಂಕಾರ,” ಎಂದು ಭಾವನವರು ನಕ್ಕುಬಿಟ್ಟರು.

ಈ ತಂಡದ ಹಣವನ್ನು ನುಂಗಿದ ಹಸಿಯೆಂಡಾ ಎಂಬ ಮನೆಯ ವೃತ್ತಾಂತ ಸ್ವಲ್ಪ ಸಾವಧಾನವಾಗಿ ಕೇಳತಕ್ಕದ್ದು. ಟೋನಿ ವಿಲ್ಸನ್ ಎಂಬವನು ಅಲ್ಲಿಯ ದೂರದರ್ಶನದಲ್ಲಿ ವಾರ್ತೆ ಓದುತ್ತಿದ್ದ ಕೇಂಬ್ರಿಡ್ಜ್ ಪದವೀಧರ. 1978ರಲ್ಲಿ ಅವನೂ ಅವನ ಗೆಳೆಯ ಅಲನ್ ಇರಾಸ್ಮಸನೂ ಸೇರಿ ‘ಫ್ಯಾಕ್ಟರಿ’ ಎಂಬ ಧ್ವನಿಮುದ್ರಿಕೆ ಸಂಸ್ಥೆಯನ್ನು ಆರಂಭಿಸಿದರು. ಕಚೇರಿಯೆಂದರೆ ಪ್ಯಾಲಟೈನ್ ರಸ್ತೆಯ ಒಂದು ವಾಸದ ಮನೆ. ಕಾರ್ಖಾನೆಗಳು ಮುಚ್ಚುತ್ತಿದ್ದ ಊರಿನಲ್ಲಿ ಕಾರ್ಖಾನೆಯೆಂದು ಹೆಸರಿಟ್ಟುಕೊಂಡ ಧೈರ್ಯವನ್ನು ಮೆಚ್ಚಬೇಕು. ಹಾಡಿನ ಹಕ್ಕು ಹಾಡಿದವರದೇ, ಸಂಸ್ಥೆಯದಲ್ಲ ಎಂಬುದು ಅವರ ನಿಯಮ. ಹಾಡುಗಳಿಗೆ ಮಾತ್ರವಲ್ಲದೆ ಭಿತ್ತಿಪತ್ರಗಳಿಗೂ ಕಟ್ಟಡಗಳಿಗೂ ಒಂದೊಂದು ಕ್ರಮಸಂಖ್ಯೆ ಕೊಡುವ ಹುಚ್ಚು ಬೇರೆ.

ಕ್ರಮಸಂಖ್ಯೆ 51 ದೊರೆತದ್ದು ವಿಟ್ವರ್ತ್ ಬೀದಿಯ ಹಳೆಯ ಇಟ್ಟಿಗೆ ಕಟ್ಟಡಕ್ಕೆ. ಮೊದಲು ವಿಹಾರದೋಣಿಗಳ ಮಾರಾಟದ ಮಳಿಗೆಯಾಗಿದ್ದ ಅದನ್ನು ಬೆನ್ ಕೆಲ್ಲಿ ಎಂಬ ವಿನ್ಯಾಸಕಾರ ಕಾರ್ಖಾನೆಯ ಒಳಾಂಗಣದಂತೆಯೇ ಸಿಂಗರಿಸಿದ. ಕಂಬಗಳಿಗೆ ಅಪಾಯಸೂಚಕವಾದ ಹಳದಿ ಕಪ್ಪು ಪಟ್ಟಿ ಬಳಿದ. 1982ರ ಮೇ 21ರಂದು ಬಾಗಿಲು ತೆರೆಯಿತು. ಮೊದಲ ವರ್ಷಗಳಲ್ಲಿ ನೊಣ ಹೊಡೆಯುವ ಸ್ಥಿತಿ. ಅನಂತರ, 1988ರ ಸುಮಾರಿಗೆ, ಅಮೆರಿಕದ ಕರಿಯರ ಬೀದಿಗಳಲ್ಲಿ ಹುಟ್ಟಿದ ಹೊಸ ನೃತ್ಯಸಂಗೀತ ಬಂದು ಸೇರಿದಾಗ ಸಾವಿರಾರು ಜನ ಸಾಲುಗಟ್ಟಿ ನಿಂತರು. ಸ್ಟೋನ್ ರೋಸಸ್, ಹ್ಯಾಪಿ ಮಂಡೇಸ್ ಮೊದಲಾದ ತಂಡಗಳು ಗಿಟಾರಿಗೆ ಆ ಕುಣಿತವನ್ನು ಕೂಡಿಸಿದವು. ಊರಿಗೆ ಊರೇ ಅಗಲವಾದ ಷರಾಯಿ ತೊಟ್ಟು ಹಾಡಿತು.

ಆದರೆ ಇದರಲ್ಲಿ ಬಣ್ಣ ಹಚ್ಚಿ ಹೇಳಬಾರದ ಭಾಗವೂ ಉಂಟು. ಕುಣಿಯಬಂದವರು ಮದ್ಯಕ್ಕೆ ಬದಲಾಗಿ ಮಾದಕ ಗುಳಿಗೆ ನುಂಗಿ ನೀರು ಕುಡಿಯುತ್ತಿದ್ದುದರಿಂದ ಪಾನಗೃಹದಲ್ಲಿ ವ್ಯಾಪಾರವೇ ಇಲ್ಲ. ಗುಳಿಗೆಯ ಲಾಭವೆಲ್ಲ ಪುಂಡರ ಪಾಲು. 1989ರಲ್ಲಿ 16 ವರ್ಷದ ಹುಡುಗಿಯೊಬ್ಬಳು ಆ ಗುಳಿಗೆಯಿಂದ ಸತ್ತಳು. ಬಂದೂಕುಗಳೂ ಬಂದವು. ಹ್ಯಾಪಿ ಮಂಡೇಸ್ ತಂಡವನ್ನು ಧ್ವನಿಮುದ್ರಣಕ್ಕೆಂದು ಬಾರ್ಬಡೋಸಿಗೆ ಕಳುಹಿಸಿ ಫ್ಯಾಕ್ಟರಿ ಸಂಸ್ಥೆ ಇನ್ನಷ್ಟು ಸಾಲದಲ್ಲಿ ಮುಳುಗಿತು. ಲಂಡನ್ನಿನ ಕಂಪನಿಯೊಂದು ಅದನ್ನು ಕೊಳ್ಳಬಂದಾಗ, ಹಾಡಿನ ಹಕ್ಕು ಸಂಸ್ಥೆಯದಲ್ಲ ಎಂಬ ಹಳೆಯ ನಿಯಮವೇ ಅಡ್ಡಬಂದಿತು. ಮಾರಲು ಏನೂ ಇರಲಿಲ್ಲ! 1992ರ ನವೆಂಬರಿನಲ್ಲಿ ಸಂಸ್ಥೆ ದಿವಾಳಿಯಾಯಿತು. ಹಸಿಯೆಂಡಾ 1997ರಲ್ಲಿ ಬಾಗಿಲು ಹಾಕಿತು. 2000ರಲ್ಲಿ ಅದರ ನೆಲದ ಹಲಗೆಗಳನ್ನೂ ಇಟ್ಟಿಗೆಗಳನ್ನೂ ಹರಾಜು ಹಾಕಿದರು. 2002ರಲ್ಲಿ ಕಟ್ಟಡವನ್ನು ಕೆಡವಿದರು.

ನಾವು ನೋಡಿದ್ದು ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ ನಿಂತಿರುವ ವಾಸದ ಮಹಡಿಗಳನ್ನು. ಕೂಟ ಮುಗಿಯಿತು, ಇನ್ನು ಮನೆಗೆ ಬನ್ನಿ ಎಂಬರ್ಥದ ಜಾಹೀರಾತಿನಿಂದ ಅವುಗಳನ್ನು ಮಾರಿದರಂತೆ. ಜಾಣ ಮಾತು. ಆದರೆ ಯಾರ ಮನೆಗೆ? ವಾರದ ಭತ್ಯೆಯಲ್ಲಿ ಬದುಕಿ ಈ ಹೆಸರಿಗೆ ಬೆಲೆ ತಂದ ಹುಡುಗರ ಕೈಗೆ ಇಲ್ಲಿಯ ಒಂದು ಕೊಠಡಿಯೂ ಎಟುಕದು. ನಾನು ಹೀಗೆಂದಾಗ ಭಾವನವರು ಒಪ್ಪಲಿಲ್ಲ. “ಹಾಳುಬಿದ್ದ ಕಟ್ಟಡವನ್ನು ಪೂಜೆ ಮಾಡಲು ಸಾಧ್ಯವೇನಯ್ಯಾ? ಜನ ಎಲ್ಲಾದರೂ ವಾಸಿಸಬೇಡವೆ? ಹೆಸರನ್ನಾದರೂ ಉಳಿಸಿದ್ದಾರಲ್ಲ,” ಎಂದರು. ಆಗ ನನಗೆ ನೆನಪಾದದ್ದು ನಮ್ಮೂರಿನ ಡಿ.ಸಿ.ಎಂ. ಎಂಬ ಮೂರಕ್ಷರ. ದಾವಣಗೆರೆ ಕಾಟನ್ ಮಿಲ್ಲಿನ ಆ ಹೆಸರು ಈಗ ಒಂದು ಟೌನ್‌ಶಿಪ್ಪಿನ ವಿಳಾಸ. ಅಲ್ಲಿಗೆ ಹೋಗುವ ಆಟೋದ ಹುಡುಗನನ್ನು ಆ ಅಕ್ಷರಗಳ ಅರ್ಥವೇನೆಂದು ಒಮ್ಮೆ ಕೇಳಿದ್ದೆ. “ಏರಿಯಾ ಹೆಸರು ಸಾರ್,” ಎಂದಿದ್ದ. ಮ್ಯಾಂಚೆಸ್ಟರಿನವರು ಕಾಲುವೆಯ ಕಡೆಯ ಹಿಂಗೋಡೆಯ ಮೇಲೆ ಆ ಕೂಟದ ಇತಿಹಾಸವನ್ನು ವರ್ಷವಾರಾಗಿ ಕೆತ್ತಿಸಿದ್ದಾರೆ. ನಾವು ಅಷ್ಟನ್ನೂ ಮಾಡಲಿಲ್ಲ. ಮಗ್ಗದ ಮುಂದೆ ಹಾಡಿಕೊಂಡವರು ನಮ್ಮಲ್ಲಿ ಇರಲಿಲ್ಲವೆ? ಅವರ ಹಾಡನ್ನು ಬರೆದಿಟ್ಟವರು ಯಾರು?

ಹಳೆಯ ಕೆಲಸದಲ್ಲಿಯೇ ಇನ್ನೂ ತೊಡಗಿರುವ ಮನೆಯೊಂದನ್ನು ಕಂಡದ್ದು ಸಾಲ್ಫರ್ಡಿನಲ್ಲಿ. ಇರ್ವೆಲ್ ನದಿಯನ್ನು ದಾಟಿದರೆ ಸಾಲ್ಫರ್ಡ್. ನಮ್ಮವರ ಕಣ್ಣಿಗೆ ಒಂದೇ ಊರಿನಂತೆ ಕಂಡರೂ ಹಾಗೆಂದು ಅಲ್ಲಿಯವರ ಎದುರಿಗೆ ಹೇಳಬಾರದು. ಅಲ್ಲಿಯ ಒಂದು ಮೂಲೆಬೀದಿಯಲ್ಲಿ ಸಾಲ್ಫರ್ಡ್ ಲ್ಯಾಡ್ಸ್ ಕ್ಲಬ್ ಎಂಬ ಕೆಂಪು ಇಟ್ಟಿಗೆಯ ಕಟ್ಟಡವಿದೆ. ಬಡ ಕಾರ್ಮಿಕರ ಹುಡುಗರು ಬೀದಿಪಾಲಾಗದಿರಲೆಂದು ಕಟ್ಟಿಸಿದ ಇದನ್ನು 1904ರಲ್ಲಿ ಬೇಡನ್ ಪೊವೆಲರು ಉದ್ಘಾಟಿಸಿದರು. ಸ್ಕೌಟ್ ಚಳವಳಿಯನ್ನು ಅವರು ಆರಂಭಿಸುವುದಕ್ಕೂ ಮುಂಚಿನ ಮಾತು. 1985ರ ಡಿಸೆಂಬರಿನಲ್ಲಿ ದಿ ಸ್ಮಿತ್ಸ್ ತಂಡದ ನಾಲ್ವರು ಇದರ ಕಮಾನಿನ ಕೆಳಗೆ ಚಳಿಯಲ್ಲಿ ನಿಂತು ಚಿತ್ರ ತೆಗೆಸಿಕೊಂಡರು. 1986ರಲ್ಲಿ ಬಂದ ‘ದಿ ಕ್ವೀನ್ ಈಸ್ ಡೆಡ್’ ಆಲ್ಬಮ್ಮಿನ ಒಳಹೊದಿಕೆಯಲ್ಲಿ ಅದು ಅಚ್ಚಾಯಿತು. ಅಂದಿನಿಂದ ಇದೊಂದು ಯಾತ್ರಾಸ್ಥಳ.

ಸ್ಮಿತ್ಸ್ ತಂಡ ಬದುಕಿದ್ದು 1982ರಿಂದ 1987ರವರೆಗೆ, ಐದೇ ವರ್ಷ. ಮೋರಿಸಿ ಪದ ಕಟ್ಟಿದ, ಜಾನಿ ಮಾರ್ ರಾಗ ಕಟ್ಟಿದ. ಒಂಟಿತನ, ಬಾಡಿಗೆ ಕೋಣೆ, ಸಿಗದ ಕೆಲಸ, ಸಿಕ್ಕರೂ ಸುಖವಿಲ್ಲದ ಕೆಲಸ, ಇವು ಅವನ ವಸ್ತು. ಇದನ್ನೆಲ್ಲ ಅವನು ಹೇಳುವ ಬಗೆಯಲ್ಲಿ ಕಣ್ಣೀರಿನೊಳಗೆ ಒಂದು ತುಂಟನಗೆ ಇಣುಕುತ್ತದೆ. ನಮ್ಮ ನವ್ಯ ಕವಿಗಳು ಇಂಥದೇ ನಗರದ ನೋವನ್ನು ಬರೆದರು. ಆದರೆ ಅವರ ಪದ್ಯಗಳನ್ನು ಹಾಡಿಕೊಂಡು ಯಾರೂ ಬಸ್ಸಿಗೆ ಕಾಯಲಿಲ್ಲ. ಇನ್ನೊಂದು ಸಂಗತಿ: ಮೋರಿಸಿ, ಮಾರ್ ಇಬ್ಬರ ತಂದೆತಾಯಿಗಳೂ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು. ಹೀಗಿದ್ದೂ ವಲಸೆಯ ಕುರಿತು ಮೋರಿಸಿ ಮುಂದೆ ಆಡಿದ ಮಾತುಗಳು ಅನೇಕ ಅಭಿಮಾನಿಗಳನ್ನು ನೋಯಿಸಿದವು. ನಿಮಗೆ ನೋವಾಗಲಿಲ್ಲವೆ ಎಂದು ಭಾವನವರನ್ನು ಕೇಳಿದೆ. “ಆಯಿತು. ಒಂದು ವರ್ಷ ಕೇಳಲೇ ಇಲ್ಲ. ಆಮೇಲೆ ಯೋಚಿಸಿದೆ, ಅಟ್ಟದ ಮೇಲಿನ ಆ ಕ್ಯಾಸೆಟ್ಟು ಅವನದಲ್ಲ, ನನ್ನದು,” ಎಂದರು.

ಒಳಗೆ ಹುಡುಗರು ಮುಷ್ಟಿಕಾಳಗ ಅಭ್ಯಾಸ ಮಾಡುವ ಕಣ, ಹಳೆಯ ಮರದ ಮೆಟ್ಟಿಲುಗಳು. ಈಗ ಹುಡುಗಿಯರಿಗೂ ಪ್ರವೇಶವುಂಟು. ಒಂದು ಸಣ್ಣ ಕೋಣೆಯನ್ನು ಸ್ಮಿತ್ಸ್ ಅಭಿಮಾನಿಗಳಿಗೆಂದು ಬಿಟ್ಟಿದ್ದಾರೆ. ಅದರ ಗೋಡೆಗಳ ಮೇಲೆಲ್ಲ ಲೋಕದ ನಾನಾ ಕಡೆಗಳಿಂದ ಬಂದವರು ಅಂಟಿಸಿದ ಚೀಟಿಗಳು, ಭಾವಚಿತ್ರಗಳು. ಭಾವನವರು ಜೇಬಿನಿಂದ ಔಷಧಿ ಬರೆಯುವ ಪುಟ್ಟ ಪುಸ್ತಕದ ಹಾಳೆಯೊಂದನ್ನು ಹರಿದು, ಕನ್ನಡದಲ್ಲಿ ‘ದಾವಣಗೆರೆ, 1996’ ಎಂದಷ್ಟೇ ಬರೆದು ಅಂಟಿಸಿದರು. ಮೇಲ್ವಿಚಾರಣೆಗಿದ್ದ ವೃದ್ಧರು ಇದು ಯಾವ ಲಿಪಿ, ಎಷ್ಟು ದುಂಡಗಿದೆ ಎಂದು ಬೆರಗಾದರು.

ಈ ಮನೆಯೂ ಹೋಗಿಬಿಡುವುದರಲ್ಲಿತ್ತು. 2024ರ ಶರತ್ಕಾಲದಲ್ಲಿ, 2,50,000 ಪೌಂಡು ಕೂಡಿಸದಿದ್ದರೆ ಬಾಗಿಲು ಹಾಕಬೇಕಾಗುವುದೆಂದು ಕ್ಲಬ್ಬಿನವರು ಸಾರಿದರು. ಮೋರಿಸಿ 50,000 ಪೌಂಡು ಕೊಟ್ಟ. ಉಳಿದದ್ದನ್ನು ಹತ್ತು ಇಪ್ಪತ್ತು ಪೌಂಡುಗಳಂತೆ ಕೊಟ್ಟವರೇ ಬಹುಮಂದಿ. ನವೆಂಬರಿನೊಳಗೆ ಹಣ ಕೂಡಿತು. ಆ ದಿನ ಮುಷ್ಟಿಕಾಳಗದ ಕಣದಲ್ಲಿ ಹತ್ತು ಹನ್ನೆರಡು ವರ್ಷದ ಇಬ್ಬರು ಹುಡುಗರು ಮೂಗಿನಲ್ಲಿ ಬೆವರಿಳಿಸಿಕೊಂಡು ಗುದ್ದಾಡುತ್ತಿದ್ದರು. ಸ್ಮಿತ್ಸ್ ಯಾರೆಂದು ಅವರಿಗೆ ಗೊತ್ತಿದ್ದಂತೆ ತೋರಲಿಲ್ಲ.

1990ರ ದಶಕದ ಕಥೆಗೆ ಬಂದರೆ ಓಯಾಸಿಸ್ ತಂಡ. ಬರ್ನೇಜ್ ಎಂಬ ಬಡಾವಣೆಯ ನೋಯಲ್ ಮತ್ತು ಲಿಯಾಮ್ ಗ್ಯಾಲಹರ್ ಎಂಬ ಸೋದರರು ಇದರ ಮುಖ್ಯರು. ಇವರೂ ಐರಿಷ್ ವಲಸಿಗರ ಮಕ್ಕಳೇ. ಲಿಟಲ್ ಪೀಟರ್ ಬೀದಿಯ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಅವರ ಅಭ್ಯಾಸ ನಡೆಯುತ್ತಿತ್ತು. ಅದೇ ಬೀದಿಯ ಇನ್ನೊಂದು ಕಟ್ಟಡದಲ್ಲಿ ಹತ್ತು ಹನ್ನೆರಡು ವರ್ಷಗಳ ಹಿಂದೆ ಜಾಯ್ ಡಿವಿಷನ್ ಅಭ್ಯಾಸ ಮಾಡಿತ್ತು. 1994ರಲ್ಲಿ ಮೊದಲ ಆಲ್ಬಂ, 1995ರಲ್ಲಿ ಎರಡನೆಯದು, 1996ರ ಆಗಸ್ಟಿನಲ್ಲಿ ನೆಬ್‌ವರ್ತಿನ ಮೈದಾನದಲ್ಲಿ ಎರಡು ದಿನ ಸೇರಿ ಎರಡೂವರೆ ಲಕ್ಷ ಶ್ರೋತೃಗಳು. ಲಂಡನ್ನಿನ ಬ್ಲರ್ ತಂಡಕ್ಕೂ ಇವರಿಗೂ ಜಟಾಪಟಿ ಹತ್ತಿ, 1995ರ ಆಗಸ್ಟ್ 14ರಂದು ಇಬ್ಬರೂ ಒಂದೇ ದಿನ ಹಾಡು ಹೊರತಂದಾಗ ಬ್ರಿಟನ್ನಿನ ದೂರದರ್ಶನವು ಚುನಾವಣಾ ಫಲಿತಾಂಶದಂತೆ ಅದನ್ನು ಪ್ರಸಾರ ಮಾಡಿತು. ಬ್ಲರ್ ಗೆದ್ದಿತು: 2,74,000 ಪ್ರತಿಗಳು, ಎದುರಿಗೆ 2,16,000. ಅಣ್ಣತಮ್ಮಂದಿರು ಮೊದಲಿನಿಂದಲೂ ಹಾವು ಮುಂಗುಸಿ. 2009ರಲ್ಲಿ ಪ್ಯಾರಿಸ್ಸಿನಲ್ಲಿ ಜಗಳವಾಡಿ ತಂಡವನ್ನೇ ಒಡೆದರು. ನನ್ನ ಕಿವಿಗೆ ಇವರ ಪದಗಳು ಮೋರಿಸಿಯ ಪದಗಳ ಮಟ್ಟಕ್ಕೆ ಏರಲಾರವು. ಹಲವು ಸಾಲುಗಳಿಗೆ ಅರ್ಥವೇ ಇಲ್ಲ. ಆದರೆ ನೂರು ಜನ ಸೇರಿ ಹಾಡಲು ತಕ್ಕ ರಾಗ ಕಟ್ಟುವುದರಲ್ಲಿ ನೋಯಲನಿಗೆ ಸಮಾನರಿಲ್ಲ. ಇದು ಎಷ್ಟು ದೊಡ್ಡ ಗುಣವೆಂಬುದನ್ನು ನನಗೆ ತಿಳಿಸಿದವಳು, ರಾಕ್ ಸಂಗೀತವೆಂದರೆ ಕಿವಿ ಮುಚ್ಚಿಕೊಳ್ಳುವ ನಮ್ಮ ಅಕ್ಕ.

2017ರ ಮೇ 22ರ ರಾತ್ರಿ ಮ್ಯಾಂಚೆಸ್ಟರಿನ ಅರೀನಾ ಸಭಾಂಗಣದಲ್ಲಿ ಗಾನಗೋಷ್ಠಿ ಮುಗಿದು ಮಕ್ಕಳು ಹೊರಬರುತ್ತಿದ್ದಾಗ ಒಬ್ಬ ಆತ್ಮಹತ್ಯಾ ದಾಳಿಕಾರ ಬಾಂಬು ಸಿಡಿಸಿದ. 22 ಅಮಾಯಕರು ಮಡಿದರು. ಅವರಲ್ಲಿ ಎಂಟು ವರ್ಷದ ಮಗುವೂ ಇತ್ತು. ಭಾವನವರು ಆ ರಾತ್ರಿ ಆಸ್ಪತ್ರೆಗೆ ಹೋದವರು ಮನೆಗೆ ಬಂದದ್ದು ಎರಡನೆಯ ದಿನ ಸಂಜೆ. ಬಂದವರು ಊಟ ಮಾಡಲಿಲ್ಲ, ಮಾತಾಡಲಿಲ್ಲ. ಆ ರಾತ್ರಿಯ ಬಗ್ಗೆ ಅವರು ಇಂದಿಗೂ ಮಾತಾಡುವುದಿಲ್ಲ, ನಾನೂ ಕೇಳಲಿಲ್ಲ. ಹೇಳಿದವಳು ಅಕ್ಕ. 25ನೆಯ ತಾರೀಕು ಸೇಂಟ್ ಆ್ಯನ್ಸ್ ಚೌಕದಲ್ಲಿ ಹೂವಿನ ರಾಶಿಯ ಸುತ್ತ ಜನ ಸೇರಿ ಒಂದು ನಿಮಿಷ ಮೌನ ಆಚರಿಸಿದರು. ಅಕ್ಕನೂ ಹೋಗಿದ್ದಳು.

“ಮೌನ ಮುಗಿಯಿತು ಕಣೋ. ಮುಗಿದ ಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಸುಮ್ಮನೆ ನಿಂತಿದ್ದೆವು. ಆಗ ಯಾರೋ ಒಬ್ಬ ಹೆಂಗಸು ಸಣ್ಣ ಧ್ವನಿಯಲ್ಲಿ ಹಾಡಲಿಕ್ಕೆ ಶುರುಮಾಡಿದಳು. ಪಕ್ಕದವರು ಸೇರಿದರು. ಆಮೇಲೆ ಇಡೀ ಚೌಕವೇ ಸೇರಿತು. ನನಗೆ ಪದ ಬರುವುದಿಲ್ಲ. ಆದರೆ ರಾಗ ಬಂತು. ಎಲ್ಲಿಯದೋ ಈ ರಾಗ, ಎಲ್ಲಿಯದೋ ಅಂತ ನೆನೆಸುತ್ತ ನೆನೆಸುತ್ತ, ನಮ್ಮ ಮನೆ ಅಟ್ಟ ನೆನಪಾಯಿತು ನೋಡು. ನೀನು ಟೇಪ್ ರೆಕಾರ್ಡರು ಇಟ್ಟುಕೊಂಡು ಕೂತಿರುತ್ತಿದ್ದೆಯಲ್ಲ, ಅಪ್ಪ ಬಯ್ಯುತ್ತಿದ್ದರಲ್ಲ, ಅದು.”

ಅದು 1995ರ ಆಲ್ಬಮ್ಮಿನ ‘ಡೋಂಟ್ ಲುಕ್ ಬ್ಯಾಕ್ ಇನ್ ಆ್ಯಂಗರ್’. ನೋಯಲ್ ಗ್ಯಾಲಹರ್ ಅದನ್ನು ಬರೆದಾಗ ಶೋಕದ ಪ್ರಸ್ತಾಪವೇ ಇರಲಿಲ್ಲ. ನಮ್ಮಲ್ಲಿ ಸಾವಿನ ಮನೆಯ ಮುಂದೆ ಭಜನೆಯವರು ತತ್ವಪದ ಹಾಡುವಾಗ ಅದನ್ನು ಬರೆದವರು ಯಾರೆಂದು ಯಾರೂ ಕೇಳುವುದಿಲ್ಲವಷ್ಟೆ. ಜಾನಪದದ ತರಗತಿಯಲ್ಲಿ ಕರ್ತೃವನ್ನು ಕಳೆದುಕೊಂಡು ಜನರದಾಗುವ ಹಾಡಿನ ವಿಚಾರವನ್ನು ನಾನು ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಅಂಥ ಹಾಡು ಹುಟ್ಟುವ ಗಳಿಗೆಯಲ್ಲಿ ನಮ್ಮ ಅಕ್ಕ ನಿಂತಿದ್ದಳೆಂಬುದು ನನಗೆ ತಿಳಿದದ್ದು ಆ ಸಂಜೆ, ಅವಳ ಅಡಿಗೆಮನೆಯಲ್ಲಿ.

ನಾನು ಅಲ್ಲಿದ್ದ ತಿಂಗಳಿನಲ್ಲಿಯೇ, 16 ವರ್ಷಗಳ ಮುನಿಸನ್ನು ಮರೆತು ಒಂದಾದ ಆ ಸೋದರರು ಹೀಟನ್ ಪಾರ್ಕಿನಲ್ಲಿ ಐದು ರಾತ್ರಿ ಹಾಡುವವರಿದ್ದರು. ಟಿಕೆಟ್ಟಿನ ಮಾತೇ ಬೇಡ. 2024ರ ಆಗಸ್ಟ್ 31ರಂದು ಮಾರಾಟ ಆರಂಭವಾದಾಗ, ಸುಮಾರು 150 ಪೌಂಡೆಂದು ಸಾರಿದ್ದ ಟಿಕೆಟ್ಟು ಬೇಡಿಕೆ ಏರಿದಂತೆ ತಾನೂ ಏರಿ, ಗಂಟೆಗಟ್ಟಲೆ ಸಾಲಿನಲ್ಲಿ ಕಾದವರ ಮುಂದೆ 350 ಪೌಂಡನ್ನೂ ದಾಟಿ ನಿಂತಿತು. ಸರ್ಕಾರದ ಪ್ರಾಧಿಕಾರದಿಂದ ವಿಚಾರಣೆಯೂ ಆಯಿತು. ಭಾವನವರು ಗಣಕಯಂತ್ರದ ಮುಂದೆ ಒಂದು ಹಗಲು ಕಳೆದು ಬರಿಗೈಯಲ್ಲಿ ಎದ್ದಿದ್ದರು.

ಜುಲೈ 12ರ ಶನಿವಾರ ನಾವು ಟಿಕೆಟ್ಟಿಲ್ಲದೆಯೇ ಹೋದೆವು. ಆ ಉದ್ಯಾನದಲ್ಲಿ ಬೇಲಿಯ ಹೊರಗೆ ಒಂದು ಹುಲ್ಲಿನ ದಿಬ್ಬವುಂಟು. ಅಲ್ಲಿಂದ ರಂಗ ಕಾಣುತ್ತದೆಂಬ ಸುದ್ದಿ ಹರಡಿ ಸಾವಿರಾರು ಜನ ಸೇರಿದ್ದರು. ಗ್ಯಾಲಹರ್ ಗುಡ್ಡವೆಂದು ಅದಕ್ಕೆ ಹೆಸರೂ ಆಗಿಹೋಗಿತ್ತು. ಮುಂದಿನ ಕಾರ್ಯಕ್ರಮಗಳಿಗೆ ನಗರಸಭೆಯವರು ಅಲ್ಲಿಯೂ ಬೇಲಿ ಹಾಕಿದರೆಂದು ಪತ್ರಿಕೆಯಲ್ಲಿ ಓದಿದೆ. ನಾಟಕ ಕಂಪನಿಯ ಡೇರೆಯ ಹಿಂದೆ, ಪರದೆಯ ಸಂದಿಗೆ ಕಣ್ಣಿಟ್ಟು ನಿಂತ ದಾವಣಗೆರೆಯ ಹುಡುಗರನ್ನು ನನ್ನ ತಂದೆಯವರು ವರ್ಣಿಸುತ್ತಿದ್ದುದು ನೆನಪಾಯಿತು. ಎಂಟು ಗಂಟೆ ಕಳೆದರೂ ಬಿಸಿಲು ಬೆಳ್ಳಗಿತ್ತು. ಪಕ್ಕದಲ್ಲಿ ಗಾರೆಯ ಕಲೆಯ ಷರಾಯಿ ತೊಟ್ಟಿದ್ದ ಒಬ್ಬ ಮಧ್ಯವಯಸ್ಕನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಗಾಳಿ ಈ ಕಡೆ ಬೀಸಿದಾಗ ಹಾಡು ಸ್ಪಷ್ಟವಾಗಿ ಕೇಳಿಸುತ್ತಿತ್ತು, ಆ ಕಡೆ ಬೀಸಿದಾಗ ಗುಡ್ಡದವರೇ ಅದನ್ನು ಮುಂದುವರಿಸುತ್ತಿದ್ದರು.

ಅಕ್ಕ ಡಬ್ಬಿಯಿಂದ ಮಂಡಕ್ಕಿ ಒಗ್ಗರಣೆ ತೆಗೆದು ಕಾಗದದ ತಟ್ಟೆಗಳಿಗೆ ಹಾಕಿದಳು. ಗಾರೆಯ ಕೆಲಸದವನ ಮಗಳು ಕೆಳಗೆ ಬಗ್ಗಿ ನೋಡಿದ್ದರಿಂದ ಅವರಿಗೂ ಒಂದು ತಟ್ಟೆ ಹೋಯಿತು. ಅಕ್ಕನ ಮಗಳು, ಅಲ್ಲಿಯೇ ಹುಟ್ಟಿ ಬೆಳೆದ ಹದಿನಾರರ ಹುಡುಗಿ, ನನ್ನ ತೋಳು ಹಿಡಿದು ಎಬ್ಬಿಸಿ, “ಮಾಮ, ಎದ್ದೇಳು, ಈಗ ಅಮ್ಮನ ಹಾಡು ಬರುತ್ತೆ,” ಎಂದಳು. ಭಾವನವರು ಕೊಡೆಯನ್ನು ಹುಲ್ಲಿನ ಮೇಲೆ ಮಲಗಿಸಿ ಎದ್ದು ನಿಂತರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ತಟ್ಟೆಯನ್ನು ಕೆಳಗಿಟ್ಟು, ಅವರ ಪಕ್ಕಕ್ಕೆ ಹೋದಳು.